ತಗಡಿನ ಕೆಳಗಿನ ನಿದ್ದೆ

ಫೆಬ್ರವರಿ ೬

ಅತ್ತೆಯವರಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಶುರು ಮಾಡಿದರೆ ಮೊದಲ ಸಾಲೇ ಸುಳ್ಳಾಗುತ್ತದೆ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನೀವು ಹೊಲಿಗೆ ಮಷಿನ್ ಹೊರಿಸಿಕೊಂಡು ನಮ್ಮ ಮನೆಯ ಮೆಟ್ಟಿಲಿಳಿದು ಎರಡು ವರ್ಷವಾಯಿತು. ಇಷ್ಟು ದಿನ ಒಂದು ಸಾಲೂ ಬರೆಯದವಳು ಈಗೇಕೆ ಬರೆದಳು ಎಂದು ನೀವು ಕನ್ನಡಕ ಹುಡುಕುತ್ತಿರಬಹುದು. ಫೋನ್ ಮಾಡೋಣವೆಂದರೆ ಶೂ ಕಾರ್ಖಾನೆಯ ಪ್ರೆಸ್ಸುಗಳು ನಿಮ್ಮ ಕಿವಿಯನ್ನು ಯಾವತ್ತೋ ತಿಂದು ಮುಗಿಸಿವೆ. ನಾನು ಕಿರುಚಿದರೆ ಬೀದಿಗೆಲ್ಲ ಕೇಳುತ್ತದೆ, ನಿಮಗೊಬ್ಬರಿಗೆ ಕೇಳುವುದಿಲ್ಲ.

ನಿಮ್ಮ ಮಗ ಬಸ್ಸು ಓಡಿಸುತ್ತಾ ನಿದ್ದೆ ಹೋದರು. ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಲಿಲ್ಲ. ಕಳೆದ ತಿಂಗಳು, ಬೆಳಕು ಹರಿಯುವ ಹೊತ್ತಿಗೆ, ಬಸ್ಸು ರಸ್ತೆ ಬಿಟ್ಟು ಪಕ್ಕದ ಜಲ್ಲಿ ರಾಶಿಗೆ ಹತ್ತಿ ನಿಂತಿತು. ಒಳಗೆ ಮೂವತ್ತೆಂಟು ಜನ. ರಾಶಿ ಅಲ್ಲಿಲ್ಲದಿದ್ದರೆ ಮುಂದೆ ಇದ್ದದ್ದು ಕಾಲುವೆ. ಅವತ್ತು ಮನೆಗೆ ಬಂದವರು ಶೂ ಕೂಡ ಬಿಚ್ಚದೆ ಗೋಡೆಗೆ ಒರಗಿ ಕೂತರು. "ಕಣ್ಣು ಮುಚ್ಚಿದ್ದು ಗೊತ್ತೇ ಆಗ್ಲಿಲ್ಲ ಕಣೇ" ಅಂದರು. ಡಿಪೋ ಮ್ಯಾನೇಜರ್ ಒಳ್ಳೆಯವರೇ, ಆದರೂ ಹೇಳಬೇಕಾದ್ದನ್ನು ಹೇಳಿದರು: "ಇನ್ನೊಂದು ಸಲ ಹೀಗಾದ್ರೆ ನೀನು ಸ್ಟಿಯರಿಂಗ್ ಮುಟ್ಟೋ ಹಾಗಿಲ್ಲಪ್ಪ." ಹಗಲು ಪಾಳಿ ಕೇಳಿದ್ದಕ್ಕೆ, ಅದು ಹಿರಿಯ ಚಾಲಕರಿಗೆ, ಇನ್ನೂ ಆರು ವರ್ಷ ಕಾಯಬೇಕಂತೆ.

ರಾತ್ರಿ ಓಡಿಸುವವರು ಹಗಲು ಮಲಗಬೇಕು. ಇವರಿಗೆ ಮಲಗಲು ಆಗುತ್ತಿಲ್ಲ. ನಮ್ಮ ಕೋಣೆ ನಿಮಗೆ ಗೊತ್ತಲ್ಲ, ಮೂರು ಮಹಡಿಯ ನೆತ್ತಿಯ ಮೇಲೆ ತಗಡು ಹೊದಿಸಿದ ಒಂದೇ ಕೋಣೆ. ಹತ್ತು ಗಂಟೆಗೆ ತಗಡು ಟಕ್ ಟಕ್ ಎನ್ನಲು ಶುರು ಮಾಡುತ್ತದೆ. ಹನ್ನೆರಡಕ್ಕೆ ಒದ್ದೆ ಟವೆಲ್ ಹೊದ್ದುಕೊಂಡರೆ ಅರ್ಧ ಗಂಟೆಯಲ್ಲಿ ಅದು ಒಣಗಿ ರಟ್ಟಾಗುತ್ತದೆ. ಫ್ಯಾನು ಮೇಲಿನ ಬಿಸಿಯನ್ನೇ ಕೆಳಗೆ ತಳ್ಳುತ್ತದೆ. ಬೆಳಿಗ್ಗೆ ಎರಡು ಗಂಟೆ ಮಲಗಿದರೆ ಅದೇ ದೊಡ್ಡದು. ಸಂಜೆ ಕೆಂಪು ಕಣ್ಣು ಬಿಟ್ಟುಕೊಂಡು ಡ್ಯೂಟಿಗೆ ಹೊರಡುತ್ತಾರೆ.

ಈಗ ನನ್ನ ತಲೆಗೆ ಬಂದದ್ದು ಕೇಳಿ, ನಗಬೇಡಿ. ನಾನು ಕೆಲಸ ಮಾಡುವ ಗೋದಾಮಿನಲ್ಲಿ ಫ್ರಿಜ್, ಟಿವಿ ಪೆಟ್ಟಿಗೆಗಳನ್ನು ಬಿಚ್ಚಿ, ಗೀರು ಬಿದ್ದಿದೆಯೇ ನೋಡಿ ಅಂಗಡಿಗೆ ಕಳಿಸುತ್ತೇವೆ. ಒಳಗಿನ ಥರ್ಮಕೋಲ್ ಯಾರಿಗೂ ಬೇಡದ್ದು. ಹಿಂದಿನ ಮೂಲೆಯ ಅಟ್ಟದ ಮೇಲೆ ತಗಡಿಗೆ ತಾಗುವವರೆಗೆ ತುಂಬಿಡುತ್ತಾರೆ, ಹೆಚ್ಚಾದದ್ದನ್ನು ತಿಂಗಳಿಗೊಮ್ಮೆ ಲಾರಿ ಬಂದು ಊರಾಚೆ ಸುರಿದು ಬರುತ್ತದೆ. ಗೋದಾಮಿಗೂ ತಗಡೇ. ಆದರೆ ಊಟವಾದ ಮೇಲೆ ನಾವು ಹನ್ನೊಂದು ಜನವೂ ಆ ಮೂಲೆಗೇ ಹೋಗಿ ಕಾಲು ಚಾಚುತ್ತೇವೆ. ಯಾಕೆ ಅಲ್ಲೇ ಎಂದು ನಾಲ್ಕು ವರ್ಷದಲ್ಲಿ ಒಬ್ಬರೂ ಕೇಳಿಕೊಂಡಿರಲಿಲ್ಲ. ಮೊನ್ನೆ ಸೋಮವಾರ ಮೊದಲ ಸಲ ಲಾರಿ ಬಂದು ಅಟ್ಟವನ್ನು ಪೂರ್ತಿ ಖಾಲಿ ಮಾಡಿತು. ಮಂಗಳವಾರ ಅದೇ ಜಾಗದಲ್ಲಿ ಐದು ನಿಮಿಷ ಕೂರಲಾಗಲಿಲ್ಲ!

ಅವತ್ತಿನಿಂದ ಚೀಲದ ಮೇಲೆ ಚೀಲ ಥರ್ಮಕೋಲ್ ಮನೆಗೆ ಹೊರುತ್ತಿದ್ದೇನೆ. ಬೀದಿಯವರು ನನಗೆ ಥರ್ಮಕೋಲಮ್ಮ ಎಂದು ಹೆಸರಿಟ್ಟಾಗಿದೆ. ಅದನ್ನು ತಗಡಿನ ಒಳಮೈಗೆ ಅಂಟಿಸಬೇಕು. ಯಾವ ಗೋಂದು? ಮೂವತ್ತೊಂದು ವರ್ಷ ಶೂಗಳಿಗೆ ಅಟ್ಟೆ ಅಂಟಿಸಿದವರು ನೀವು. ನಿಮಗಿಂತ ಹೆಚ್ಚು ತಿಳಿದವರು ನನಗೆ ಗೊತ್ತಿಲ್ಲ.

ನಾನು ಬರೆದದ್ದು ನಿಮ್ಮ ಮಗನಿಗೆ ಗೊತ್ತಿಲ್ಲ.

ನಿಮ್ಮ ಸೊಸೆ

*

ಫೆಬ್ರವರಿ ೧೫

ಸೊಸೆಗೆ,

ಪತ್ರ ತಲುಪಿತು. ಮಗನ ವಿಷಯ ಹತ್ತು ಸಾಲು, ಉಳಿದದ್ದೆಲ್ಲ ಥರ್ಮಕೋಲು. ಆ ಹತ್ತು ಸಾಲನ್ನು ಎಷ್ಟು ಸಲ ಓದಿದೆ ಎಂದು ಬರೆಯುವುದಿಲ್ಲ.

ಅವನು ಕೂಸಾಗಿದ್ದಾಗ ನೋಡಿಕೊಳ್ಳುವವರು ಇರಲಿಲ್ಲ. ಕಾರ್ಖಾನೆಗೆ ಎತ್ತಿಕೊಂಡು ಹೋಗಿ ಚರ್ಮದ ರಾಶಿಯ ಮೇಲೆ ಮಲಗಿಸುತ್ತಿದ್ದೆ. ಈ ಕಡೆ ನಾಲ್ಕು ಪ್ರೆಸ್ಸು, ಆ ಕಡೆ ಹನ್ನೆರಡು ಹೊಲಿಗೆ ಮಷಿನ್ನು. ಪಾಳಿ ಮುಗಿಯುವವರೆಗೆ ಕಣ್ಣು ಬಿಡುತ್ತಿರಲಿಲ್ಲ. ಸದ್ದಿಗೆ ಏಳುವ ಮಗನಲ್ಲ ಅವನು. ಸುಮ್ಮನೆ ನೆನಪಾಯಿತು, ಬರೆದೆ.

ನಿವೃತ್ತಿಯಾದವಳನ್ನು ಇಲ್ಲಿ ಮತ್ತೆ ಗೋಂದಿನ ವಿಭಾಗಕ್ಕೇ ಕರೆದುಕೊಂಡಿದ್ದಾರೆ. ನಮ್ಮ ಲಾರಿ ನಿಮ್ಮೂರಿಗೆ ಬರುತ್ತದೆ, ಅದರಲ್ಲಿ ಒಂದು ಡಬ್ಬ ಕಳಿಸಿದ್ದೇನೆ. ಅಂಟಿಸುವ ಕ್ರಮ ತಪ್ಪಬೇಡ. ಎರಡೂ ಮೈಗೆ ತೆಳ್ಳಗೆ ಸವರು. ಬೆರಳಿನ ಹಿಂಬದಿ ತಾಗಿಸಿದರೆ ಅಂಟಬಾರದು, ಅಷ್ಟು ಕಾಯಬೇಕು. ಆಮೇಲೆ ಒಂದೇ ಸಲ ಒತ್ತು. ಒತ್ತಿದ ಮೇಲೆ ಸರಿಸಲು ಹೋಗಬೇಡ, ಸರಿಯುವುದಿಲ್ಲ. ಈ ಗೋಂದಿನಿಂದ ಬಿಡಿಸಿಕೊಂಡು ಹೋದ ಅಟ್ಟೆಯನ್ನು ನಾನು ಕಂಡಿಲ್ಲ.

ಥರ್ಮಕೋಲನ್ನು ನೆತ್ತಿಯ ಮೇಲೆ ಅಂಟಿಸಿಕೊಂಡು ಮಲಗಿದವರ ವಿಷಯವನ್ನೂ ಕೇಳಿಲ್ಲ. ಆದರೆ ಲಾರಿ ಬಂದ ಮಾರನೇ ದಿನ ಕೂರಲಾಗಲಿಲ್ಲ ಎಂದು ಬರೆದೆಯಲ್ಲ, ಅದನ್ನು ಗಮನಿಸಿದ ಕಣ್ಣು ಚುರುಕು. ಅಷ್ಟನ್ನು ಒಪ್ಪುತ್ತೇನೆ.

ಅತ್ತೆ

*

ಮಾರ್ಚ್ ೩

ಅತ್ತೆಯವರಿಗೆ,

ನಿಮ್ಮ ಗೋಂದಿನ ಶಕ್ತಿ ಇಡೀ ಡಿಪೋಗೆ ಗೊತ್ತಾಗಿದೆ. ಹೇಗೆ ಎಂದು ಹೇಳುತ್ತೇನೆ, ಮೊದಲು ಕೂತುಕೊಳ್ಳಿ.

ಭಾನುವಾರ ಇವರು ಡ್ಯೂಟಿಗೆ ಹೋದದ್ದೇ ತಡ, ಏಣಿ ಹಾಕಿಕೊಂಡೆ. ನೀವು ಬರೆದ ಕ್ರಮದಲ್ಲೇ ತೆಳ್ಳಗೆ ಸವರಿದೆ. ಥರ್ಮಕೋಲ್ ಚುರುಚುರು ಎಂದಿತು. ಗೋಂದು ಒಳಗಿಳಿಯುತ್ತಿದೆ, ಒಳ್ಳೆಯದೇ ಆಯಿತು ಎಂದುಕೊಂಡೆ. ನೋಡನೋಡುತ್ತಾ ಅದು ಬಾಯಲ್ಲಿಟ್ಟ ಕಲ್ಲುಸಕ್ಕರೆಯ ಹಾಗೆ ಸವೆಯತೊಡಗಿತು. ಸಾಲಲಿಲ್ಲವೇನೋ ಎಂದು ಇನ್ನೊಂದು ಕೋಟು ಹಚ್ಚಿದೆ! ಅಂಗೈ ದಪ್ಪದ ತುಂಡು ಬೆರಳಷ್ಟಾಯಿತು, ನಡುವೆ ತೂತು ಬಿತ್ತು. ಅತ್ತೆಯ ಮಾತು ಸುಳ್ಳಾಗಲಾರದು ಎಂದು ಅಂಚು ಉಳಿದ ತುಂಡುಗಳನ್ನೆಲ್ಲ ಒತ್ತಿಯೇ ಒತ್ತಿದೆ. ಇಪ್ಪತ್ತೆರಡು ತುಂಡು ತಗಡಿಗೆ ನಿಂತವು. ಕೆಳಗಿನಿಂದ ನೋಡಿದರೆ ಹುಳುಕು ಹಿಡಿದ ಹಲ್ಲಿನ ಸಾಲು.

ಸೋಮವಾರ ಮಧ್ಯಾಹ್ನ ತಗಡು ಕಾದಾಗ ಒಂದು ತುಂಡು ಗೋಂದಿನ ಮುದ್ದೆಯ ಸಮೇತ ಕಳಚಿಕೊಂಡಿತು. ಬಿದ್ದದ್ದು ನಿಮ್ಮ ಮಗನ ಮೂಗಿನ ಕೆಳಗೆ. ಮೀಸೆಗೆ. ನಾನು ಎಳೆದೆ, ಅವರು ಅರಚಿದರು. ಎಣ್ಣೆ ಹಚ್ಚಿದೆ, ಬಿಸಿನೀರು ಹಾಕಿದೆ, ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಕ್ಷೌರದವನ ಹತ್ತಿರ ಹೋಗಿ ಎಡಭಾಗ ತೆಗೆಸಿ, ಬಲಭಾಗ ಒಂದೇ ಉಳಿದು ಅಸಹ್ಯವಾಗಿ, ಅದನ್ನೂ ತೆಗೆಸಿ ಬಂದರು. ಡಿಪೋದಲ್ಲಿ ಹೊಸ ಚಾಲಕ ಯಾರು ಎಂದು ಕೇಳಿದರಂತೆ.

ಬಯ್ಯುತ್ತಾರೆ ಎಂದುಕೊಂಡಿದ್ದೆ. ಕನ್ನಡಿಯಲ್ಲಿ ಮುಖ ನೋಡಿಕೊಂಡು, ಡಬ್ಬದ ಮೇಲಿನ ಕಾರ್ಖಾನೆಯ ಚೀಟಿ ನೋಡಿ, "ಅಮ್ಮನ ಗೋಂದಾ?" ಎಂದರು. ಹೂಂ ಅಂದೆ. "ಅದು ಹಿಡಿಯುತ್ತೆ ಅಂತ ಗೊತ್ತಿತ್ತು. ಏನನ್ನ ಹಿಡಿಯುತ್ತೆ ಅಂತ ಗೊತ್ತಿರಲಿಲ್ಲ" ಎಂದು ನಗಲು ಶುರು ಮಾಡಿದರು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಜಲ್ಲಿ ರಾಶಿಯ ದಿನದಿಂದ ಅವರು ನಕ್ಕದ್ದು ಅದೇ ಮೊದಲು. ನನಗೆ ಅಳುವೇ ಬಂತು.

ಆದರೆ ನಿದ್ದೆ ಮಾತ್ರ ಇನ್ನೂ ಎರಡು ಗಂಟೆಯದೇ. ಬಿಸಿಲು ಏರುತ್ತಿದೆ.

ನಿಮ್ಮ ಸೊಸೆ

*

ಮಾರ್ಚ್ ೧೧

ಸೊಸೆಗೆ,

ನಿನ್ನ ಪತ್ರ ಓದಿದಾಗ, ಸವರಲು ಬಾರದವಳು ಗೋಂದಿನ ಮೇಲೆ ತಪ್ಪು ಹೊರಿಸುತ್ತಿದ್ದಾಳೆ ಎಂದುಕೊಂಡೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಊಟದ ಹೊತ್ತಿನಲ್ಲಿ ಒಂದು ಹಳೆಯ ಪೆಟ್ಟಿಗೆಯ ಥರ್ಮಕೋಲ್ ಮುರಿದು, ನನ್ನ ಕೈಯಾರೆ, ನನ್ನ ಬ್ರಷ್ಷಿನಲ್ಲೇ ಸವರಿದೆ. ಎರಡು ನಿಮಿಷದಲ್ಲಿ ನನ್ನ ಅಂಗೈಯಲ್ಲಿ ಉಳಿದದ್ದು ಸಿಂಬಳದಂಥ ಒಂದು ಮುದ್ದೆ. ಗೋಂದು ಕಲಸುವವನು ನಿಂತು ನೋಡುತ್ತಿದ್ದ. "ಇದರಲ್ಲಿರೋ ಥಿನ್ನರ್ರು ಥರ್ಮಕೋಲನ್ನ ತಿಂದುಹಾಕುತ್ತೆ ಅಮ್ಮಾ. ಇಷ್ಟು ವರ್ಷ ಇದ್ದೀರಿ, ಗೊತ್ತಿಲ್ವಾ?" ಎಂದು ನನ್ನ ಕಿವಿಗೆ ಬಾಯಿಟ್ಟು ಕೂಗಿದ. ನಾಲ್ಕು ಸಾಲಿನವರೂ ತಿರುಗಿ ನೋಡಿದರು. ಗೊತ್ತಿರಲಿಲ್ಲ. ನನ್ನ ಬದುಕಿನಲ್ಲಿ ಚರ್ಮ, ರಬ್ಬರು ಬಿಟ್ಟು ಬೇರೇನನ್ನೂ ನಾನು ಅಂಟಿಸಿಲ್ಲ.

ತಪ್ಪು ನನ್ನದು. ಈ ಮಾತು ಬರೆದು ಅಭ್ಯಾಸವಿಲ್ಲ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಈಗ ಸರಿಯಾದ್ದನ್ನು ಕೇಳು. ಬಡಗಿಗಳು ಬಳಸುವ ಬಿಳಿ ಗೋಂದು ನೀರಿನದು, ಅದು ತಿನ್ನುವುದಿಲ್ಲ. ಆದರೆ ಗೋಂದನ್ನೊಂದನ್ನೇ ನಂಬಬೇಡ. ಒಳ್ಳೆಯ ಶೂವಿಗೆ ಅಂಟಿಸಿದ ಮೇಲೂ ಹೊಲಿಗೆ ಹಾಕುತ್ತೇವೆ. ಥರ್ಮಕೋಲ್ ತುಂಡುಗಳನ್ನು ಜೋಡಿಸಿ, ಎರಡೂ ಕಡೆ ಹಳೆಯ ಬಟ್ಟೆ ಅಂಟಿಸಿ, ಆರಪಾರ ಹೊಲಿದು ಹಲಗೆ ಮಾಡಿಕೋ. ಹಲಗೆಯನ್ನು ತಗಡಿಗೆ ಅಂಟಿಸಬೇಡ, ಮೇಲಿನ ಕಬ್ಬಿಣದ ಪೈಪಿಗೆ ತಂತಿಯಲ್ಲಿ ನೇತುಹಾಕು.

ಇದರ ಜೊತೆಗೆ ಎರಡು ಡೊಂಕು ಸೂಜಿ, ಮೇಣ ಹಚ್ಚಿದ ಒಂದು ಉಂಡೆ ದಾರ ಇಟ್ಟಿದ್ದೇನೆ. ಚಿಕ್ಕ ಸೂಜಿ ನನ್ನ ಮೊದಲ ವರ್ಷದ್ದು. ಕಳೆಯಬೇಡ. ನೇರ ಸೂಜಿಯ ಹಾಗೆ ಅದನ್ನು ತಳ್ಳಬಾರದು, ಮಣಿಕಟ್ಟನ್ನು ತಿರುಗಿಸಬೇಕು. ಮೊದಲ ದಿನ ಬೆರಳಿಗೆ ಚುಚ್ಚುತ್ತದೆ. ಎರಡನೇ ದಿನವೂ ಚುಚ್ಚುತ್ತದೆ.

ಅವನಿಗೆ ಮೀಸೆ ಇಲ್ಲದಿದ್ದರೆ ಅವರಪ್ಪನ ಹಾಗೆಯೇ ಕಾಣುತ್ತಾನೆ. ನೋಡಬೇಕೆನಿಸಿತು.

ಅತ್ತೆ

*

ಮಾರ್ಚ್ ೨೯

ಅತ್ತೆಯವರಿಗೆ,

ನೀವು ಹೇಳಿದ ಹಾಗೆಯೇ ಮಾಡಿದೆ. ಬೆರಳಿಗೆ ಚುಚ್ಚಿದ್ದು ಎರಡು ದಿನವಲ್ಲ, ಆರು ದಿನ. ಪೆಟ್ಟಿಗೆಯ ಥರ್ಮಕೋಲಿಗೆ ಒಂದೊಂದಕ್ಕೂ ಒಂದೊಂದು ಗುಂಡಿ, ಒಂದೊಂದು ಮೂಲೆ. ಅವನ್ನು ಕೊಯ್ದು ಚಪ್ಪಟೆ ಮಾಡಿ ಒಂದಕ್ಕೊಂದು ಕೂಡಿಸುವುದೇ ಒಂದು ವಿದ್ಯೆ. ಮೈತುಂಬ, ತಲೆತುಂಬ ಬಿಳಿ ಕಾಳು. ಹಾಸಿಗೆಯ ಮೇಲೆ ನೇರವಾಗಿ ಬರುವಷ್ಟು ಜಾಗಕ್ಕೆ ಹದಿನಾಲ್ಕು ಹಲಗೆ ತೂಗುಹಾಕಿದೆ. ಮೊದಲು ತಗಡಿಗೆ ತಾಗಿಸಿಯೇ ಕಟ್ಟಿದ್ದೆ, ಕಾದ ತಗಡಿಗೆ ಅಂಚು ಮುದುಡಿತು. ಬಿಚ್ಚಿ, ನಾಲ್ಕು ಬೆರಳು ಸಂದು ಬಿಟ್ಟು ಕಟ್ಟಿದೆ. ಆ ಸಂದೇ ಅರ್ಧ ಬಿಸಿಯನ್ನು ಹೊರಗೆ ಕಳಿಸುತ್ತದೆ ಎಂದು ಆಮೇಲೆ ಗೊತ್ತಾಯಿತು.

ಅವರು ನಾಲ್ಕು ಗಂಟೆ ಮಲಗಿದರು. ಮೂರು ದಿನ, ಸಾಲಾಗಿ ಮೂರು ದಿನ!

ನಾಲ್ಕನೇ ದಿನ ಮನೆಯ ಮಾಲೀಕರು ಮೇಲೆ ಬಂದರು. ನನ್ನ ಚೀಲದಿಂದ ಒಂದು ತುಂಡು ತೆಗೆದುಕೊಂಡು, ತಾರಸಿಗೆ ಹೋಗಿ ಕಡ್ಡಿ ಗೀರಿದರು. ಅತ್ತೆ, ಅದು ಉರಿದದ್ದನ್ನು ನೀವು ನೋಡಬೇಕಿತ್ತು. ಭಗ್ ಎಂದು ಹತ್ತಿತು, ಕರೀ ಹೊಗೆ, ಉರಿಯುತ್ತಲೇ ತೊಟ್ಟು ತೊಟ್ಟಾಗಿ ಕೆಳಗೆ ಬಿತ್ತು. "ನಿನ್ನ ಗಂಡ ಇದರ ಕೆಳಗೆ ಮಲಗ್ತಾನೆ, ಪಕ್ಕದಲ್ಲೇ ನೀನು ಒಲೆ ಹಚ್ಚುತೀಯ. ನಾಳೆ ಸಂಜೆ ಒಳಗೆ ತೆಗಿ, ಇಲ್ಲ ಮನೆ ಖಾಲಿ ಮಾಡು ತಾಯಿ" ಅಂದರು. ಜಗಳವಾಡಲು ಬಾಯಿ ತೆರೆದೆ. ಆದರೆ ಅವರು ಹೇಳಿದ್ದು ನಿಜ. ಹದಿನಾಲ್ಕೂ ಹಲಗೆಯನ್ನು ನಾನೇ ಇಳಿಸಿದೆ.

ಈಗ ಅವರು ಮೆಟ್ಟಿಲ ತಿರುವಿನಲ್ಲಿ ಚಾಪೆ ಹಾಕಿ ಮಲಗುತ್ತಾರೆ. ಮಹಡಿಯವರೆಲ್ಲ ದಾಟಿಕೊಂಡು ಓಡಾಡುತ್ತಾರೆ. ಮೊನ್ನೆ ರಾತ್ರಿ ದಾರಿಯಲ್ಲಿ ಎರಡು ಸಲ ಬಸ್ಸು ನಿಲ್ಲಿಸಿ ಮುಖ ತೊಳೆದುಕೊಂಡರಂತೆ. ಮೂರನೆಯ ಸಲ ನಿಲ್ಲಿಸಬೇಕು ಎಂದು ಗೊತ್ತಾಗದಿದ್ದರೆ?

ಇಷ್ಟು ಬರೆದ ಮೇಲೆ ಇನ್ನೊಂದನ್ನು ಬರೆಯದೆ ಮುಚ್ಚಲಾರೆ. ಎರಡು ವರ್ಷದ ಹಿಂದೆ ನಾನು ನಿಮಗೆ, "ನಿಮ್ಮ ಮಷಿನ್ ಸದ್ದಿಗೆ ಅವರಿಗೆ ನಿದ್ದೆ ಇಲ್ಲ, ನಿಮ್ಮ ಮಗ ಮುಖ್ಯನೋ ಹೊಲಿಗೆ ಮುಖ್ಯನೋ" ಎಂದೆ. ನೀವು ಮಾರನೇ ದಿನವೇ ಹೊರಟಿರಿ. ನೀವು ಹೋದ ಮೇಲೂ ಅವರಿಗೆ ನಿದ್ದೆ ಬರಲಿಲ್ಲ. ಒಂದು ವಾರದಲ್ಲೇ ನನಗೆ ಅದು ಗೊತ್ತಾಗಿತ್ತು. ಮಷಿನ್ ಅಲ್ಲ ಅತ್ತೆ, ತಗಡು. ಗೊತ್ತಾದ ಮೇಲೂ ಎರಡು ವರ್ಷ ಸುಮ್ಮನಿದ್ದೆ. ಒಪ್ಪಿಕೊಳ್ಳಲು ನಾಚಿಕೆ, ಬೇರೆ ಏನೂ ಅಲ್ಲ. ಕಾರ್ಖಾನೆಯಲ್ಲಿ ಮಲಗುತ್ತಿದ್ದ ಕೂಸಿನ ವಿಷಯ ನೀವು ಸುಮ್ಮನೆ ಬರೆದದ್ದಲ್ಲ ಎಂದು ನನಗೆ ಗೊತ್ತು.

ನಿಮ್ಮ ಸೊಸೆ

*

ಏಪ್ರಿಲ್ ೯

ಸೊಸೆಗೆ,

ಪಾರ್ಸೆಲ್ಲಿನಲ್ಲಿ ಒಂದು ತುಂಡಿದೆ. ತಾರಸಿಗೆ ಒಯ್ದು ಉರಿಯ ಮೇಲೆ ಹಿಡಿ. ನಾನು ಹಿಡಿದು ನೂರು ಎಣಿಸಿದ್ದೇನೆ.

ಮಾಡಿದ ಬಗೆ: ಥರ್ಮಕೋಲಿಗೆ ಗೋಣಿಬಟ್ಟೆ ಸುತ್ತಿ, ನೀನು ಮಾಡಿದ ಹಾಗೆಯೇ ಆರಪಾರ ಹೊಲಿಗೆ. ಆಮೇಲೆ ಸಿಮೆಂಟಿಗೆ ಜರಡಿ ಹಿಡಿದ ಮರಳು, ಸ್ವಲ್ಪ ಬಿಳಿ ಗೋಂದು ಸೇರಿಸಿ ಬ್ರಷ್ಷಿನಲ್ಲಿ ಬಳಿದದ್ದು. ಒಂದು ಕೋಟು ತೆಳ್ಳಗೆ, ಬಟ್ಟೆಯೊಳಗೆ ಇಳಿಯುವ ಹಾಗೆ. ಅದು ಹಿಡಿದ ಮೇಲೆ ಎರಡು ಕೋಟು ದಪ್ಪಗೆ. ನಾಲ್ಕು ಅಂಚೂ ಮುಚ್ಚಬೇಕು, ಬಿಳಿ ಎಲ್ಲೂ ಕಾಣಬಾರದು. ಒಂದು ವಾರ ಒದ್ದೆ ಚೀಲ ಹೊದಿಸಿಡು. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಒಟ್ಟಿಗೆ ಮಾಡಿದ ಐದರಲ್ಲಿ ಬಿಸಿಲಿಗಿಟ್ಟ ನಾಲ್ಕು ತುಂಡು ನನ್ನಲ್ಲಿಯೂ ಬಿರುಕು ಬಿಟ್ಟವು, ಒದ್ದೆ ಚೀಲ ಹೊದಿಸಿದ್ದ ಇದೊಂದೇ ಉಳಿಯಿತು.

ಉರಿಗೆ ಮೇಲ್ಮೈ ಕಪ್ಪಾಯಿತು. ಒಳಗೆ ಒಂದು ಕಡೆ ಕುಗ್ಗಿದೆ. ಆದರೆ ಹತ್ತಿಕೊಳ್ಳಲಿಲ್ಲ. ಆದರೂ ಒಲೆಯನ್ನು ಕೋಣೆಯಿಂದ ಆಚೆ ಸಾಗಿಸು, ದೀಪದ ವೈರನ್ನು ಪೈಪಿನೊಳಗೆ ಹಾಕಿಸು. ಮಾಲೀಕರು ಕೇಳುವ ಮೊದಲೇ ಮಾಡು.

ಗೋಣಿ ಸುತ್ತುವುದು, ಬಳಿಯುವುದು ನನ್ನ ಯೋಚನೆ. ಸಂದು ಬಿಡುವುದು ನಿನ್ನದು. ನನಗದು ಹೊಳೆಯುತ್ತಿರಲಿಲ್ಲ.

ಇನ್ನೊಂದು ವಿಷಯ ಬರೆದಿದ್ದೆಯಲ್ಲ, ಅದನ್ನೂ ಓದಿದೆ. ಮಡಚಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಅತ್ತೆ

*

ಮೇ ೧೭

ಅತ್ತೆಯವರಿಗೆ ಸಾವಿರ ನಮಸ್ಕಾರ.

ನಿಮ್ಮ ಪತ್ರಕ್ಕೆ ಐದು ವಾರ ಉತ್ತರ ಬರೆಯಲಿಲ್ಲ, ಪೆನ್ನು ಹಿಡಿಯುವ ಬೆರಳುಗಳಿಗೆಲ್ಲ ಪಟ್ಟಿ ಕಟ್ಟಿತ್ತು. ಈಗ ಎಲ್ಲವನ್ನೂ ಒಟ್ಟಿಗೆ ಬರೆಯುತ್ತೇನೆ.

ನಿಮ್ಮ ತುಂಡನ್ನು ಮಾಲೀಕರ ಕೈಗೇ ಕೊಟ್ಟೆ. ಅವರೇ ಕಡ್ಡಿ ಗೀರಿದರು. ಕಡ್ಡಿಪೆಟ್ಟಿಗೆ ಅರ್ಧ ಖಾಲಿಯಾದ ಮೇಲೆ ಒಳಗೆ ಹೋಗಿ ಸ್ಟೌವನ್ನೇ ತಂದರು. ನೂರಲ್ಲ, ಇನ್ನೂರು ಎಣಿಸಿದರು. ಆಮೇಲೆ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಹೊಲಿಗೆ ಯಾರದು?" ಅಂದರು. "ನಮ್ಮ ಅತ್ತೆಯವರದು" ಅಂದೆ. ಹಾಗೆ ಹೇಳುವಾಗ ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು. "ಒಲೆ ಆಚೆ, ವೈರು ಪೈಪಲ್ಲಿ, ಬಾಗಿಲ ಹತ್ರ ಎರಡು ಬಕೆಟ್ ಮರಳು. ಒಪ್ಪಿಗೆ ಇದ್ರೆ ಹಾಕ್ಕೋ" ಅಂದರು. ಒಪ್ಪಿದೆ.

ತೊಂಬತ್ತಾರು ಹಲಗೆ, ಅತ್ತೆ. ಮಾಡಿನ ಕೆಳಗೆ ಎಪ್ಪತ್ತೆರಡು, ಬಿಸಿಲು ಹೊಡೆಯುವ ಗೋಡೆಗೆ ಇಪ್ಪತ್ತನಾಲ್ಕು. ಗೋದಾಮಿನ ಹತ್ತು ಜನವೂ ಒಂದೊಂದು ಭಾನುವಾರ ಬಂದರು. ಒಬ್ಬಳು ಕೊಯ್ಯಲು, ಒಬ್ಬಳು ಸುತ್ತಲು, ಹೊಲಿಯಲು ಮಾತ್ರ ನಾನು. ನಿಮ್ಮ ಸೂಜಿಯನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ತಾರಸಿಯ ತುಂಬ ಒದ್ದೆ ಚೀಲ ಹೊದ್ದು ಮಲಗಿದ ಹಲಗೆಗಳು. ಮಾಲೀಕರು ದಿನವೂ ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ, ತಾವೇ ನೀರು ಚಿಮುಕಿಸುತ್ತಿದ್ದರು. ಈಗ ಅವರ ಅಳಿಯನ ಅಂಗಡಿಗೂ ಹೀಗೇ ಮಾಡಿಕೊಡಬೇಕಂತೆ.

ಕೊನೆಯ ಹಲಗೆ ಕಟ್ಟಿದ ದಿನ, ಕೆಳಗಿನ ಟಿವಿ ರಿಪೇರಿಯವನು ಉಷ್ಣಮಾಪಕ ತಂದ. ಮಧ್ಯಾಹ್ನ ಎರಡು ಗಂಟೆ. ಪಕ್ಕದ ಮನೆಯ ತಗಡಿನ ಕೋಣೆಯಲ್ಲಿ ನಲವತ್ತೈದು. ನಮ್ಮ ಕೋಣೆಯಲ್ಲಿ ಮೂವತ್ನಾಲ್ಕು. ಕೆಟ್ಟಿದೆಯೇನೋ ಎಂದು ಅವನು ಅದನ್ನು ಕೊಡವಿ ಕೊಡವಿ ನೋಡಿದ.

ಈಗ ಮುಖ್ಯವಾದದ್ದು. ನಿನ್ನೆ ಬೆಳಿಗ್ಗೆ ಎಂಟಕ್ಕೆ ಮಲಗಿದರು. ನನಗೆ ರಜೆ. ಹತ್ತಕ್ಕೆ ತಗಡು ಟಕ್ ಎಂದಿತು, ಇವರು ಮಿಸುಕಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಮಗ್ಗುಲು ಕೂಡ ಬದಲಿಸಲಿಲ್ಲ. ನನಗೆ ಭಯವಾಯಿತು, ನಗಬೇಡಿ, ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಉಸಿರು ತಣ್ಣಗೆ ಆಡುತ್ತಿತ್ತು. ಬಾಗಿಲಲ್ಲಿ ಕೂತು ಕಾದೆ. ಮೂರೂವರೆಗೆ ಕಣ್ಣು ಬಿಟ್ಟು, ಮಾಡನ್ನು ನೋಡಿ, "ಮಳೆ ಬಂತಾ?" ಎಂದು ಕೇಳಿದರು.

ಮಳೆ ಬಂದಿರಲಿಲ್ಲ ಅತ್ತೆ. ಹೊರಗೆ ಬೆಂಕಿಯಂಥ ಬಿಸಿಲಿತ್ತು.

ನೀವು ಬಂದು ನೋಡಬೇಕು. ದಯವಿಟ್ಟು ಬನ್ನಿ.

ನಿಮ್ಮ ಸೊಸೆ

*

ಜೂನ್ ೪

ಸೊಸೆಗೆ,

ಕ್ಷೇಮವಾಗಿ ತಲುಪಿದೆ. ಹೊರಡುವಾಗ ನಾನು ಏನೂ ಹೇಳಲಿಲ್ಲವೆಂದು ನೀನು ಮುಖ ಸಣ್ಣದು ಮಾಡಿಕೊಂಡದ್ದು ನೋಡಿದೆ. ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ. ಬರೆಯುತ್ತೇನೆ.

ಶನಿವಾರ ಮಧ್ಯಾಹ್ನ ಮೂರು ಮಹಡಿ ಹತ್ತುವಾಗ ಮಂಡಿ ಬಿಟ್ಟುಹೋಗುತ್ತದೆ ಎಂದುಕೊಂಡೆ. ಕೊನೆಯ ಮೆಟ್ಟಿಲಲ್ಲಿ ನಿಂತು, ಆ ಕೋಣೆಯೊಳಗಿನ ಸೆಕೆಗೆ ಮನಸ್ಸು ಗಟ್ಟಿಮಾಡಿಕೊಂಡೆ. ಏಳು ತಿಂಗಳು ಅದರಲ್ಲಿ ಬೆಂದವಳು ನಾನು. ನೀನು ಬಾಗಿಲು ತೆರೆದೆ. ತಂಪು ಮುಖಕ್ಕೆ ತಾಗಿತು. ಬೇರೆ ಮನೆಗೆ ಬಂದೆನೇನೋ ಎಂದು ಒಂದು ಗಳಿಗೆ ಅನುಮಾನವಾಯಿತು. ನೀನು ತುಟಿಯ ಮೇಲೆ ಬೆರಳಿಟ್ಟು ಹಾಸಿಗೆ ತೋರಿಸಿದೆ. ನನ್ನ ಮಗ ಬಾಯಿ ಅರ್ಧ ತೆರೆದು, ಒಂದು ಕಾಲು ಚಾಪೆಯ ಹೊರಗೆ ಹಾಕಿ ಮಲಗಿದ್ದ. ಚರ್ಮದ ರಾಶಿಯ ಮೇಲೂ ಹಾಗೆಯೇ ಮಲಗುತ್ತಿದ್ದ.

ಎಬ್ಬಿಸಲು ನಾನು ಬಿಡಲಿಲ್ಲ. ಕಿವುಡಿಯ ಜೊತೆ ಮಾತಾಡಬೇಕೆಂದರೆ ಕೂಗಬೇಕು, ಕೂಗಿದರೆ ಅವನು ಏಳುತ್ತಾನೆ ಎಂದು ನೀನು ಗೋದಾಮಿನ ಚೀಟಿ ಹರಿದು ಅದರ ಹಿಂದೆ ಬರೆದು ನನಗೆ ಕೊಟ್ಟೆ. ನಾನು ಓದಿ, ಕೆಳಗೆ ಉತ್ತರ ಬರೆದು ನಿನಗೆ ಕೊಟ್ಟೆ. ಹಾಗೆ ಮೂರು ಗಂಟೆ. ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಪತ್ರ ಬರೆದುಕೊಂಡ ಅತ್ತೆ ಸೊಸೆಯರು ಇನ್ನೆಲ್ಲಾದರೂ ಇದ್ದರೆ ನನಗೆ ತೋರಿಸು.

ನೀನು ನೀರು ತರಲು ಹೋದಾಗ ಸ್ಟೂಲು ಹಾಕಿಕೊಂಡು ಹತ್ತಿ ಹಲಗೆಗಳನ್ನು ನೋಡಿದೆ. ಸಿಮೆಂಟಿನ ಕೆಳಗೂ ಹೊಲಿಗೆ ಬೆರಳಿಗೆ ಸಿಗುತ್ತದೆ. ಬಾಗಿಲ ಹತ್ತಿರದ ಮೊದಲ ಸಾಲು ಕೆಟ್ಟದಾಗಿದೆ, ಸುಳ್ಳು ಹೇಳುವುದಿಲ್ಲ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಎರಡನೆಯದು ಪರವಾಗಿಲ್ಲ. ನಾಲ್ಕನೇ ಸಾಲಿನಿಂದ ಮುಂದಕ್ಕೆ ಎಲ್ಲಿಯೂ ತಪ್ಪು ಹುಡುಕಲು ನನಗೆ ಆಗಲಿಲ್ಲ, ಹುಡುಕಿದೆ. ನನ್ನ ಕೈಕೆಳಗೆ ಕಲಿತವರು ನೂರಾರು ಜನ. ಎದುರಿಗೆ ನಿಂತು, ಕೈ ಹಿಡಿದು ತಿದ್ದಿ ಕಲಿಸಿದ್ದು. ಬರೀ ಕಾಗದದಲ್ಲಿ ಓದಿ ಇಷ್ಟು ಕಲಿತವಳು ನೀನೊಬ್ಬಳೇ. ಅದೂ ಹಗಲು ಪೆಟ್ಟಿಗೆ ಬಿಚ್ಚಿ, ಸಂಜೆ ಚೀಲ ಹೊತ್ತು, ಬೀದಿಯವರಿಂದ ನಗಿಸಿಕೊಂಡು. ನಿನ್ನ ಸ್ಥಾನದಲ್ಲಿ ನಾನಿದ್ದಿದ್ದರೆ ಗೋಂದು ಥರ್ಮಕೋಲನ್ನು ತಿಂದ ದಿನವೇ ಕೈಬಿಡುತ್ತಿದ್ದೆ.

ಕೊನೆಯ ಚೀಟಿಯಲ್ಲಿ ನೀನು, "ಇಲ್ಲೇ ಇದ್ದುಬಿಡಿ" ಎಂದು ಬರೆದೆ. ಅಷ್ಟರಲ್ಲಿ ಅವನು ಎದ್ದ. "ಅಮ್ಮಾ, ಯಾವಾಗ ಬಂದೆ? ಎಬ್ಬಿಸಬಾರದಿತ್ತಾ?" ಎಂದು ಅವನು ಕೂಗಿದ್ದು ನನಗೂ ಕೇಳಿತು. ಚೀಟಿಗೆ ಉತ್ತರ ಬರೆಯಲು ಆಗಲಿಲ್ಲ. ಇಲ್ಲಿಯ ಲೆಕ್ಕ ಚುಕ್ತಾ ಮಾಡಲು ಒಂದು ತಿಂಗಳು ಬೇಕು. ಆಮೇಲೆ ಬರುತ್ತೇನೆ.

ಇನ್ನು ಬಸ್ಸಿನ ವಿಷಯ. ಅವನ ಬಸ್ಸು ನಮ್ಮೂರ ಹೊರಗಿನ ತಿರುವಿನಲ್ಲಿ ಇಳಿಸುತ್ತದೆ ಎಂದು ನಾನು ಅದರಲ್ಲೇ ಹೋಗುತ್ತೇನೆ ಎಂದದ್ದು ಸುಮ್ಮನೆ ಅಲ್ಲ. ನಿನಗೆ ಹೇಳಲಿಲ್ಲ, ಈಗ ಹೇಳುತ್ತೇನೆ. ಅವನ ಹಿಂದಿನ ಸೀಟಿನಲ್ಲಿ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು, ಅವನ ತಲೆ ಒಂಚೂರು ವಾಲಿದರೂ ಹೆಗಲು ತಟ್ಟಬೇಕು ಎಂದು ಹೊರಟವಳು ನಾನು. ಅವನು ಒಂದು ದಿನ ಮಲಗಿದ್ದನ್ನು ನೋಡಿದೆ ನಿಜ, ಆದರೂ ಹೆತ್ತ ಹೊಟ್ಟೆ ಕೇಳಬೇಕಲ್ಲ.

ಊರು ದಾಟಿದ್ದು ನೆನಪಿದೆ. ಕಂಡಕ್ಟರು ದೀಪ ಆರಿಸಿದ್ದು ನೆನಪಿದೆ. ಆಮೇಲೆ ಯಾರೋ ಹೆಗಲು ತಟ್ಟಿದರು. ಕಣ್ಣು ಬಿಟ್ಟರೆ ಬೆಳ್ಳಗೆ ಬೆಳಕು, ಎದುರಿಗೆ ಕಂಡಕ್ಟರು. "ಅಮ್ಮಾ, ನಿಮ್ಮ ಸ್ಟಾಪು" ಎಂದು ಕಿವಿಗೆ ಬಾಯಿಟ್ಟು ಹೇಳಿದ. ಕಾಯಲು ಕೂತವಳು ದಾರಿಯುದ್ದಕ್ಕೂ ಗೊರಕೆ ಹೊಡೆದಿದ್ದೆ.

ಎದ್ದು ನಿಂತು ಹಿಂದಕ್ಕೆ ತಿರುಗಿದೆ. ಬಸ್ಸು ತುಂಬಿತ್ತು. ಒಬ್ಬರೂ ಎದ್ದಿರಲಿಲ್ಲ. ಒಬ್ಬನ ತಲೆ ಕಿಟಕಿಗೆ, ಒಬ್ಬಳ ತಲೆ ಗಂಡನ ತೋಳಿಗೆ, ಒಂದು ಕೂಸು ಅಜ್ಜನ ಹೊಟ್ಟೆಯ ಮೇಲೆ ಬೋರಲು. ಮುಂದೆ ನನ್ನ ಮಗ ಸ್ಟಿಯರಿಂಗ್ ಹಿಡಿದು ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣು ತೊಳೆದಿಟ್ಟ ಹಾಗಿತ್ತು. ನಿಮ್ಮನ್ನೆಲ್ಲ ಹೀಗೆ ಮಲಗಿಸಿದವಳು ನನ್ನ ಸೊಸೆ ಎಂದು ಆ ಜನಕ್ಕೆಲ್ಲ ಕೂಗಿ ಹೇಳಬೇಕೆಂದು ನಾಲಿಗೆಯವರೆಗೆ ಬಂತು. ಎಚ್ಚರವಾದೀತೆಂದು ಸದ್ದು ಮಾಡದೆ ಇಳಿದೆ.

ನಿನ್ನ ಅತ್ತೆ